ಸುವಾರ್ತೆ ಕೇಳದೆ ಸತ್ತ ತಾತಂದಿರು

ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾದ ತವರ, ಅರಗು ಹೊಯ್ಯಬೇಕು ಅಂತ ಗೌತಮ ಧರ್ಮಸೂತ್ರ ಹೇಳಿದ್ದು ನಮಗೆಲ್ಲ ಗೊತ್ತು. ಇಲ್ಲಿ ಕೇಳಿದ್ದೇ ಅಪರಾಧ. ಕೇಳದೆ ಹೋದದ್ದಕ್ಕೆ ಶಿಕ್ಷೆ ಇಟ್ಟ ಧರ್ಮಶಾಸ್ತ್ರವೂ ಈ ಲೋಕದಲ್ಲಿ ಇತ್ತು. ಯೇಸುವಿನ ಹೆಸರೇ ಕಿವಿಗೆ ಬೀಳದೆ ಸತ್ತವರು ಎಲ್ಲಿಗೆ ಹೋದರು ಎಂಬ ಪ್ರಶ್ನೆಗೆ ಯೂರೋಪಿನ ಚರ್ಚು ಬಹುಕಾಲ ಕೊಟ್ಟುಕೊಂಡು ಬಂದ ಉತ್ತರ: ನರಕಕ್ಕೆ.

ಮೊದಮೊದಲು ಹೀಗಿರಲಿಲ್ಲ. ಎರಡನೇ ಶತಮಾನದ ಜಸ್ಟಿನ್ ಎಂಬ ಪಂಡಿತ, ಕ್ರಿಸ್ತನಿಗಿಂತ ಮುಂಚೆಯೇ ಸತ್ತ ಸಾಕ್ರಟೀಸನನ್ನೂ ಕ್ರೈಸ್ತರ ಸಾಲಿನಲ್ಲಿ ಕೂರಿಸಿದ್ದ. ಐದನೇ ಶತಮಾನದ ಹೊತ್ತಿಗೆ ಅಗಸ್ಟೀನ್ ಬಂದು ಬಾಗಿಲು ಮುಚ್ಚಿದ. ದೀಕ್ಷಾಸ್ನಾನ ಆಗದೆ ಸತ್ತ ಹಸುಗೂಸಿಗೂ ದಂಡನೆ ತಪ್ಪದು, ಅದು ಎಲ್ಲಕ್ಕಿಂತ ಸೌಮ್ಯವಾದ ದಂಡನೆ ಅಷ್ಟೆ ಅಂದ. ಏನು ಕರುಣೆ! 1442ರಲ್ಲಿ ಫ್ಲಾರೆನ್ಸಿನ ಮಹಾಸಭೆ, ಚರ್ಚಿನ ಹೊರಗಿರುವ ಅನ್ಯಧರ್ಮದವರು, ಯೆಹೂದ್ಯರು, ಭಿನ್ನಮತದವರು ಎಲ್ಲರೂ ಸಾಯುವ ಮುಂಚೆ ಒಳಗೆ ಬಾರದಿದ್ದರೆ ನಿತ್ಯದ ಬೆಂಕಿಗೇ ಎಂದು ಬರೆದು ಮುದ್ರೆ ಒತ್ತಿತು. ಅಮೆರಿಕಾ ಎಂಬ ಖಂಡ ಇದೆ ಅಂತಲೇ ಅಲ್ಲಿ ಕೂತ ದೊಡ್ಡವರಿಗೆ ಗೊತ್ತಿರಲಿಲ್ಲ. ಐವತ್ತೇ ವರ್ಷಕ್ಕೆ, 1492ರಲ್ಲಿ, ಕೊಲಂಬಸನ ಹಡಗು ಆ ದಡ ಮುಟ್ಟಿತು. ಸುವಾರ್ತೆ ಹೇಳುವವರೇ ಹೋಗದ ಆ ನೆಲದಲ್ಲಿ ತಲೆತಲಾಂತರದಿಂದ ಜನ ಬಾಳಿ ಸತ್ತಿದ್ದರು.

ಪಂಡಿತರ ವಾದಗಳನ್ನು ಬದಿಗಿಡೋಣ. ಹೊಸದಾಗಿ ಒಳಗೆ ಬಂದ ಸಾಮಾನ್ಯ ಜನ ಏನು ಕೇಳಿದರು ಎಂಬುದು ನಮಗೆ ಮುಖ್ಯ.

ಫ್ರಾನ್ಸಿಸ್ ಕ್ಸೇವಿಯರ್ ಹೆಸರು ಕರಾವಳಿಯ ಗೆಳೆಯರಿಗೆ ಹೊಸದಲ್ಲ. ಅವನ ದೇಹ ಈಗಲೂ ಗೋವೆಯಲ್ಲಿದೆ. 1549ರಲ್ಲಿ ಜಪಾನಿಗೆ ಹೋದವನು 1551ರಲ್ಲಿ ಯಾಮಾಗುಚಿ ಎಂಬ ಪಟ್ಟಣದಲ್ಲಿ ಬೋಧನೆ ಮಾಡಿದ. ಅಲ್ಲಿನ ಜನ ತಲೆಬಾಗಿ ಕೇಳಿಕೊಂಡು ಕೂರಲಿಲ್ಲ. ನಿಮ್ಮ ದೇವರು ಅಷ್ಟು ದಯಾಳು ಆದರೆ ಇಷ್ಟು ಕಾಲ ನಮಗೆ ಯಾಕೆ ಹೇಳಿ ಕಳಿಸಲಿಲ್ಲ ಅಂತ ಹಿಡಿದು ಕೇಳಿದರು. ಕೊಲ್ಲಬಾರದು, ಕದಿಯಬಾರದು ಅಂತ ಯಾರೂ ಹೇಳಿಕೊಡದೆಯೂ ಮನುಷ್ಯನಿಗೆ ಗೊತ್ತಿರುತ್ತದೆ, ಕಾಡಿನಲ್ಲಿ ಒಂಟಿಯಾಗಿ ಬೆಳೆದವನಿಗೂ ಗೊತ್ತಿರುತ್ತದೆ ಅಂತ ಕ್ಸೇವಿಯರ್ ಜವಾಬು ಕೊಟ್ಟ. ಬುದ್ಧಿವಂತ ಜವಾಬು. ಹಾಗಾದರೆ ಆ ತಿಳಿವಿನಲ್ಲೇ ನ್ಯಾಯವಾಗಿ ಬದುಕಿ ಸತ್ತವನ ಗತಿ ಏನು?

ದೀಕ್ಷೆ ತೆಗೆದುಕೊಂಡವರು ಕೇಳಿದ್ದೂ ಇದನ್ನೇ. ಸತ್ತುಹೋದ ನಮ್ಮ ಅಪ್ಪ, ಅವ್ವ, ಹೆಂಡತಿ, ಮಕ್ಕಳಿಗೆ ದಾನಧರ್ಮದಿಂದಲೋ ಪ್ರಾರ್ಥನೆಯಿಂದಲೋ ಬಿಡುಗಡೆ ಆದೀತೇ ಎಂದರು. ಇಲ್ಲ, ಅವರಿಗೆ ಮಾಡಬಹುದಾದ್ದು ಏನೂ ಇಲ್ಲ ಅಂದ ಕ್ಸೇವಿಯರ್. ಜನ ಅತ್ತರು. ಪ್ರೀತಿಯ ಗೆಳೆಯರು ಪರಿಹಾರವೇ ಇಲ್ಲದ್ದಕ್ಕೆ ಅಳುವುದನ್ನು ನೋಡಿ ತನಗೂ ಸಂಕಟವಾಯಿತೆಂದು ಅವನೇ 1552ರ ಜನವರಿಯಲ್ಲಿ ಕೊಚ್ಚಿಯಿಂದ ಕಳಿಸಿದ ಕಾಗದದಲ್ಲಿ ಬರೆದಿದ್ದಾನೆ. ಸಂಕಟವಾಯಿತು, ಮಾತು ಬದಲಾಗಲಿಲ್ಲ. ಅದೇ ಕಾಗದದಲ್ಲಿ ಅಲ್ಲಿನ ಬೌದ್ಧ ಪುರೋಹಿತರ ಮೇಲೂ ಸಿಟ್ಟಿದೆ. ದುಡ್ಡು ಕೊಟ್ಟರೆ ನರಕದಿಂದ ಬಿಡಿಸುತ್ತೇವೆ, ಕೊಡಲಾರದ ಬಡವರಿಗೆ ದಾರಿಯಿಲ್ಲ, ಮುಟ್ಟಾಗುವ ಹೆಂಗಸರಿಗಂತೂ ಇನ್ನೂ ಕಷ್ಟ ಅಂತ ಅವರು ಹೇಳುತ್ತಿದ್ದರಂತೆ. ಬುದ್ಧನ ಹೆಸರಿನಲ್ಲೂ ಪುರೋಹಿತಶಾಹಿ ಅಂಗಡಿ ತೆರೆಯುತ್ತದೆ ಎನ್ನುವುದನ್ನು ನಾವೂ ಮರೆಯಬೇಕಾಗಿಲ್ಲ. ಆದರೆ ಕ್ಸೇವಿಯರನ ನರಕಕ್ಕೆ ದುಡ್ಡು ಕೊಟ್ಟರೂ ಬಾಗಿಲಿರಲಿಲ್ಲ.

ಮುನ್ನೂರು ವರ್ಷದ ಮೇಲೆ ಆಫ್ರಿಕಾದ ನೆಟಾಲಿನಲ್ಲಿ ಬಿಷಪ್ ಕೊಲೆನ್ಸೊ ಜುಲು ಜನರ ನಡುವೆ ಕೆಲಸ ಮಾಡಿದ. ನಿತ್ಯನರಕದ ಮಾತು ತನಗೆ ಒಪ್ಪಿಗೆಯಿಲ್ಲ ಎಂದು 1861ರಲ್ಲಿ ಅಚ್ಚು ಹಾಕಿಸಿದ. 1863ರಲ್ಲಿ ಕೇಪ್‌ಟೌನಿನ ಮೇಲಧಿಕಾರಿ ಬಿಷಪ್ ಅವನನ್ನು ಪದವಿಯಿಂದ ತೆಗೆದುಹಾಕಿರುವುದಾಗಿ ತೀರ್ಪು ಕೊಟ್ಟ. ಬೈಬಲ್ಲಿನ ಬಗ್ಗೆ ಅವನು ಎತ್ತಿದ ಅನುಮಾನಗಳೂ ಆರೋಪಪಟ್ಟಿಯಲ್ಲಿದ್ದವು. ಜುಲು ಜನ ಅವನನ್ನು ಸೊಬಾಂಟು, ಅಂದರೆ ಜನರ ತಂದೆ, ಎಂದು ಕರೆದರು.

ಮೂರನೆಯದು ನಮ್ಮ ಪಕ್ಕದ್ದೇ ಜಗಳ. ಅಹಮದ್‌ನಗರದ ಅಮೆರಿಕನ್ ಮರಾಠಿ ಮಿಷನ್ನಿಗೆ ಸೇರಿದವರಲ್ಲಿ ಬಹುಪಾಲು ಮಹಾರ್ ಮತ್ತು ಮಾಂಗ್ ಜನ. ಸಾವಿತ್ರಿಬಾಯಿ ಫುಲೆ ಶಿಕ್ಷಕಿಯಾಗಲು ತರಬೇತಿ ಪಡೆದದ್ದೂ ಅದೇ ಊರಿನ ಅದೇ ಮಿಷನ್ನಿನ ಶಾಲೆಯಲ್ಲಿ. ಈ ಜನ ಮಿಷನ್ ಹತ್ತಿರ ಹೋದದ್ದು ನರಕಕ್ಕೆ ಹೆದರಿ ಎಂದು ನಾವು ನಂಬುವುದಿಲ್ಲ. ನರಕ ಅವರಿಗೆ ಹೊಸದೇ? ಊರ ಬಾವಿಯ ಹತ್ತಿರ ದಿನಾ ಕಾಣುತ್ತಿತ್ತು. ಅಕ್ಷರ ಬೇಕಿತ್ತು, ಮನುಷ್ಯ ಅಂತ ಕರೆಯುವವರು ಬೇಕಿತ್ತು.

ಅಲ್ಲಿ 1874ರಿಂದ ಕೆಲಸ ಮಾಡುತ್ತಿದ್ದ ರಾಬರ್ಟ್ ಹ್ಯೂಮ್, ಬೊಂಬಾಯಿಯಲ್ಲೇ ಹುಟ್ಟಿದವನು, ರಜೆಯ ಮೇಲೆ ಅಮೆರಿಕಾಕ್ಕೆ ಹೋದ. ಈ ಬದುಕಿನಲ್ಲಿ ಕ್ರಿಸ್ತನನ್ನು ತಿಳಿಯದೆ ಸತ್ತವರಿಗೆ ಸಾವಿನಾಚೆ ಒಂದು ಅವಕಾಶ ಸಿಗಬಹುದು ಎಂದು ಆಂಡೋವರ್ ಕಾಲೇಜಿನ ಪಂಡಿತರು ಹೇಳುತ್ತಿದ್ದ ಕಾಲ ಅದು. 1886ರಲ್ಲಿ ಹ್ಯೂಮ್ ಅವರ ಪರವಾಗಿ ಮಾತಾಡಿದ. ಅಷ್ಟಕ್ಕೇ ಅವನು ಭಾರತಕ್ಕೆ ಮರಳುವುದಕ್ಕೆ ಮಿಷನ್ ಬೋರ್ಡು ತಡೆ ಹಾಕಿತು. ಆ ಅಕ್ಟೋಬರಿನಲ್ಲಿ ಡೆಮಾಯ್ನ್ ಎಂಬ ಊರಿನ ವಾರ್ಷಿಕ ಸಭೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು. ಈ ವಾದ ಒಪ್ಪಿದರೆ ಮಿಷನ್ ಕೆಲಸದ ನರವೇ ಕತ್ತರಿಸಿದಂತೆ ಅಂತ ವಿರೋಧಿಗಳು ಕೂಗಿದರು. ಆ ಮಾತನ್ನು ಬಿಡಿಸಿ ನೋಡಿ. ಚಂದಾ ಪೆಟ್ಟಿಗೆ ತುಂಬಬೇಕಾದರೆ ಮಹಾರವಾಡದ ಮುದುಕ ಸತ್ತ ಮೇಲೂ ಉರಿಯುತ್ತಲೇ ಇರಬೇಕು! ಬದುಕಿದ್ದಾಗ ಅವನು ಸತ್ತ ದನ ಹೊತ್ತ, ಗುಡಿಯ ಹೊರಗೆ ನಿಂತ, ವೇದ ಅವನಿಗೆ ಕೇಳಬಾರದಿತ್ತು. ಬೈಬಲ್ಲು ಹಡಗು ಹತ್ತಿ ಬರುವಷ್ಟರಲ್ಲಿ ಅವನಿಲ್ಲ. ಎರಡು ಧರ್ಮಶಾಸ್ತ್ರ, ಎರಡರಲ್ಲೂ ಅವನೇ ಅಪರಾಧಿ. ಅವನ ಮೊಮ್ಮಗನ ಮುಖ ನೋಡಿಕೊಂಡು ಅದನ್ನು ಹೇಳಬೇಕಾದ ಸ್ಥಿತಿಯಲ್ಲಿ ಇದ್ದವನು ಹ್ಯೂಮ್; ಡೆಮಾಯ್ನಿನಲ್ಲಿ ಕೂಗಿದ ಬಹುಮಂದಿ ಅಲ್ಲ. 1887ರಲ್ಲಿ ಅವನಿಗೆ ಅಹಮದ್‌ನಗರಕ್ಕೆ ಹಿಂದಿರುಗಲು ಅಪ್ಪಣೆ ಸಿಕ್ಕಿತು.

ರೋಮ್ ನಿಧಾನಕ್ಕೆ ಕದಲಿತು. ತಿಳಿಯದೆ ಹೊರಗುಳಿದವನಲ್ಲಿ ತಪ್ಪಿಲ್ಲ ಎಂಬರ್ಥದ ಮಾತನ್ನು ಒಂಬತ್ತನೇ ಪಯಸ್ ಪೋಪ್ 1863ರಲ್ಲಿ ಹೇಳಿದ. 1964ರ ನವೆಂಬರಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದವರು ಅಂತಃಸಾಕ್ಷಿಯಂತೆ ನಡೆದರೆ ಅವರಿಗೂ ಮುಕ್ತಿ ಸಾಧ್ಯ ಎಂದು ಒಪ್ಪಿತು. ಹಸುಗೂಸುಗಳ ಸರದಿ ಬಂದದ್ದು 2007ರಲ್ಲಿ. ದೀಕ್ಷಾಸ್ನಾನವಿಲ್ಲದೆ ಸತ್ತ ಮಕ್ಕಳಿಗೂ ಮುಕ್ತಿಯ ಭರವಸೆ ಇಟ್ಟುಕೊಳ್ಳಲು ಕಾರಣಗಳಿವೆ ಅಂತ ವ್ಯಾಟಿಕನ್ನಿನ ಪಂಡಿತ ಮಂಡಳಿ ಬರೆಯಿತು. ಹಳೆಯ ನರಕವನ್ನೇ ಈಗಲೂ ಸಾರುವ ಪಂಗಡಗಳು ಪ್ರೊಟೆಸ್ಟೆಂಟರಲ್ಲಿ ಬೇಕಾದಷ್ಟಿವೆ.

ಯಾಮಾಗುಚಿಯ ಜನ ಅತ್ತದ್ದಕ್ಕೂ 1964ರ ಆ ಕಾಗದಕ್ಕೂ ನಡುವೆ 413 ವರ್ಷ. ಅವರ ಅಳುವಿನ ಪ್ರಸ್ತಾಪ ಆ ಕಾಗದದಲ್ಲಿಲ್ಲ.