ಕಾರು ಕುದಿಯುವ ಕತೆ

ಆಗುಂಬೆ ಘಾಟಿ ಹತ್ತಿಸುತ್ತಿದ್ದ ಅಂಬಾಸಿಡರ್ ಡ್ರೈವರುಗಳು ಡಿಕ್ಕಿಯಲ್ಲಿ ಒಂದು ಕ್ಯಾನ್ ನೀರು, ಒಂದು ದಪ್ಪ ಬಟ್ಟೆ ಇಟ್ಟುಕೊಂಡೇ ಹೊರಡುತ್ತಿದ್ದರು. ಸೋಮೇಶ್ವರದಿಂದ ಮೇಲಕ್ಕೆ 14 ತಿರುವು. ಎಂಜಿನ್‌ಗೆ ಮೈತುಂಬ ಕೆಲಸ, ಗಾಡಿಯ ವೇಗ ಮಾತ್ರ ಕಮ್ಮಿ, ಹಾಗಾಗಿ ರೇಡಿಯೇಟರ್‌ಗೆ ಬಡಿಯೋ ಗಾಳಿಯೂ ಕಮ್ಮಿ. ಬಾನೆಟ್ ಸಂದಿಯಿಂದ ಹಬೆ ಬಂತು ಅಂದ್ರೆ ಪಕ್ಕಕ್ಕೆ ಹಾಕಿ, ತಣಿಯೋವರೆಗೆ ಕಾದು, ನೀರು ಹೊಯ್ದು ಮುಂದಕ್ಕೆ ಹೋಗೋದು. ಇದನ್ನು ಯಾರೂ ರಿಪೇರಿ ಅಂತ ಕರೀತಿರಲಿಲ್ಲ. ಎತ್ತಿಗೆ ನೀರು ಕುಡಿಸಿದ ಹಾಗೆ, ಅಷ್ಟೆ.

ಈ ಅಭ್ಯಾಸ ಹೆಚ್ಚುಕಮ್ಮಿ ಕಾರಿನಷ್ಟೇ ಹಳೆಯದು. 1888ರಲ್ಲಿ ಬೆರ್ಥಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸುಮಾರು 100 ಕಿ.ಮೀ. ಕಾರು ಓಡಿಸಿದಳು. ದಾರಿಯುದ್ದಕ್ಕೂ ನೀರು ಹುಡುಕಬೇಕಾಯಿತು, ಯಾಕಂದ್ರೆ ಆ ಎಂಜಿನ್ ತಂಪಾಗುತ್ತಿದ್ದದ್ದೇ ನೀರು ಕುದ್ದು ಆವಿಯಾಗಿ. 1900ರ ಹೊತ್ತಿಗೆ ವಿಲ್‌ಹೆಲ್ಮ್ ಮೇಬ್ಯಾಕ್ ಜೇನುಗೂಡಿನಂಥ ರೇಡಿಯೇಟರ್ ಮಾಡಿದ. 8 ಸಾವಿರಕ್ಕೂ ಹೆಚ್ಚು ಸಣ್ಣ ಕೊಳವೆಗಳು. ಅದೇ ನೀರು ಮತ್ತೆ ಮತ್ತೆ ತಣಿದು ವಾಪಸ್ ಬರತೊಡಗಿತು. ಆಮೇಲೆ ಥರ್ಮೋಸ್ಟಾಟ್ ಬಂತು, ಒತ್ತಡ ತಡೆಯೋ ಮುಚ್ಚಳ ಬಂತು, ಕೂಲಂಟ್ ಬಂತು.

ನಮ್ಮಲ್ಲಿ ದೊಡ್ಡ ಬದಲಾವಣೆ ಆಗಿದ್ದು 1983ರ ಡಿಸೆಂಬರ್‌ನಲ್ಲಿ, ಮಾರುತಿ 800 ರಸ್ತೆಗಿಳಿದಾಗ. ಅಂಬಾಸಿಡರ್, ಪದ್ಮಿನಿಗಳಲ್ಲಿ ಎಂಜಿನ್ ಉದ್ದಕ್ಕೆ ಕೂತಿತ್ತು, ಫ್ಯಾನು ಅದರ ಮುಂದೆ ಬೆಲ್ಟಿನಿಂದ ತಿರುಗುತ್ತಿತ್ತು. ಮಾರುತಿಯಲ್ಲಿ ಎಂಜಿನ್ ಅಡ್ಡಕ್ಕೆ ಕೂತಿತು. ಬೆಲ್ಟಿನ ತುದಿ ರೇಡಿಯೇಟರ್ ಕಡೆ ಮುಖ ಮಾಡಲೇ ಇಲ್ಲ, ಹಾಗಾಗಿ ಕರೆಂಟಿನ ಫ್ಯಾನು. ಬಿಸಿಯಾದಾಗ ಮಾತ್ರ ತಾನೇ ತಿರುಗುತ್ತೆ. ಗಾಡಿ ಬದಲಾಯ್ತು, ಓಡಿಸೋರ ಕೈ ಬದಲಾಗಲಿಲ್ಲ. ಕ್ಯಾನು ಡಿಕ್ಕಿಯಲ್ಲೇ ಉಳೀತು.

ನಮ್ಮ ಗೋಪಾಳದ ಮನೆಯಲ್ಲಿ ಇರೋದು 1996ರ ಮಾರುತಿ. ಅಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಆ ಊರಿನ ಹಳೇ ಹೆಸರು ಬೆಂಕಿಪುರ. ಹೆಸರಿಗೆ ತಕ್ಕ ಹಾಗೆ ವಿಶ್ವೇಶ್ವರಯ್ಯನವರ ಯೋಜನೆಯಂತೆ 1918ರಲ್ಲಿ ಅಲ್ಲಿ ಕೆಲಸ ಶುರುವಾಗಿ 1923ರಲ್ಲಿ ಸೌದೆ ಇದ್ದಿಲಿನ ಫರ್ನೇಸ್ ಹೊತ್ತಿಕೊಂಡಿತು. ಆದ್ರೆ ಫರ್ನೇಸ್ ಬದುಕೋದು ಬೆಂಕಿಯಿಂದಲ್ಲ, ಸುತ್ತ ಹರಿಯೋ ನೀರಿನಿಂದ ಅಂತ ಅಪ್ಪ ಈಗಲೂ ಹೇಳ್ತಾರೆ. ಪಕ್ಕದಲ್ಲೇ ಭದ್ರಾ ನದಿ ಇತ್ತಲ್ಲ.

ಕಳೆದ ವರ್ಷದಿಂದ ಕಾರು ಶಿವಮೊಗ್ಗದೊಳಗೆ ಸುಮ್ಮನಿರ್ತಿತ್ತು. ಭದ್ರಾವತಿ ರಸ್ತೆಯಲ್ಲಿ 70 ದಾಟಿದರೆ ಮುಳ್ಳು ಕೆಂಪು ಗೆರೆಗೆ ಹೋಗ್ತಿತ್ತು. ಒಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್. ಇದಕ್ಕೆ ದುಡ್ಡು ಹಾಕೋ ಬದ್ಲು ಗುಜರಿಗೆ ಕೊಡಿ" ಅಂದ. ಅಪ್ಪ ಏನೂ ಹೇಳಲಿಲ್ಲ. ಭದ್ರಾವತಿಯಲ್ಲಿರೋ ತಂಗಿಯ ಮನೆಗೆ ಅವರು ಬೇರೆ ಯಾರ ಕಾರಿನಲ್ಲೂ ಹೋಗಲ್ಲ, ಬಸ್ಸಿಗೆ ಮಂಡಿ ಕೇಳಲ್ಲ. ಗುಜರಿಗೆ ಹೋಗೋದು ಬರೀ ಕಾರಾಗಿರಲಿಲ್ಲ.

ನಿಂತಾಗ ಬಿಸಿಯಾದರೆ ಫ್ಯಾನ್ ಕಡೆ ನೋಡಬೇಕು. ಓಡುವಾಗ ಬಿಸಿಯಾದರೆ ಗಾಳಿಯ ಕೊರತೆ ಇಲ್ಲ, ಹಾಗಾಗಿ ನೀರಿನ ಓಟ ನೋಡಬೇಕು. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿದೆ. ಗ್ಯಾಸ್ಕೆಟ್ ಹೋಗಿದ್ರೆ ಸಾಮಾನ್ಯವಾಗಿ ಗುಳ್ಳೆ ಬರುತ್ತಲೇ ಇರುತ್ತೆ, ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿರುತ್ತೆ. ಎರಡೂ ಇಲ್ಲ. ಬಿಸಿಯಾದಾಗ ಫ್ಯಾನ್ ತಿರುಗಿತು. ಎಂಜಿನ್ ಆಫ್ ಮಾಡಿ, ಫ್ಯಾನಿನ ವೈರು ಬಿಚ್ಚಿ, ರೇಡಿಯೇಟರ್ ಮೇಲೆ ಹುಷಾರಾಗಿ ಕೈ ಆಡಿಸಿದೆ. ಕೆಲವು ಕಡೆ ಮುಟ್ಟೋಕಾಗದಷ್ಟು ಬಿಸಿ, ನಡುವೆ ತಣ್ಣನೆ ಪಟ್ಟೆಗಳು. ಅಲ್ಲಿ ಕೊಳವೆಗಳು ಕಟ್ಟಿಕೊಂಡಿದ್ದವು.

ಬಿಚ್ಚಿಸಿದಾಗ ಒಳಗೆ ಕಂಡದ್ದು ನಮ್ಮ ಬಚ್ಚಲಿನ ಗೀಸರ್‌ನಲ್ಲಿ ಕಾಣೋ ಅದೇ ಬಿಳಿ ಗಾರು. ಇಷ್ಟು ವರ್ಷ ಕ್ಯಾನಿನಲ್ಲಿ ತುಂಬಿಸಿದ್ದು ಮನೆಯ ಬೋರ್‌ವೆಲ್ ನೀರು. ಥರ್ಮೋಸ್ಟಾಟ್ ಜಾಗದಲ್ಲಿ ಏನೂ ಇರಲಿಲ್ಲ. ಯಾರೋ ಯಾವತ್ತೋ "ನಮ್ಮ ಸೆಕೆಗೆ ಇದು ಬೇಡ" ಅಂತ ಕಿತ್ತು ಹಾಕಿದ್ದಾರೆ. ಇದು ದೇಶದ ಗ್ಯಾರೇಜುಗಳಲ್ಲೆಲ್ಲ ಕೇಳೋ ಮಾತು. ನನ್ನ ಪ್ರಕಾರ ಬುಡವಿಲ್ಲದ ಮಾತು: ಎಂಜಿನ್ ಬೇಗ ಬಿಸಿಯಾಗಿ ಹದಕ್ಕೆ ಬರಲಿ ಅಂತಲೇ ಅದು 80 ಡಿಗ್ರಿ ದಾಟೋವರೆಗೆ ಬಾಗಿಲು ಮುಚ್ಚಿಕೊಂಡಿರೋದು. ಕಿತ್ತರೆ ಪೆಟ್ರೋಲು ದಂಡ, ಸವೆತವೂ ಜಾಸ್ತಿ.

ಒಂದು ಮಾತು, ನಿಮ್ಮ ಮನೆಯಲ್ಲೂ ಇಂಥ ಗಾಡಿ ಇದ್ದರೆ. ಬಿಸಿ ಎಂಜಿನ್ ಮುಚ್ಚಳ ತೆಗೀಬೇಡಿ, ಬಟ್ಟೆ ಹಿಡಿದೂ ಬೇಡ. 0.9 ಬಾರ್ ಒತ್ತಡದಲ್ಲಿ ನೀರು ಕುದಿಯೋದೇ ಸುಮಾರು 118 ಡಿಗ್ರಿಗೆ. ಮುಚ್ಚಳ ಸಡಿಲ ಆದ ಕ್ಷಣ ಅಷ್ಟೂ ಒಟ್ಟಿಗೆ ಕುದ್ದು ಮುಖಕ್ಕೆ ಬರುತ್ತೆ.

ಹೊಸ ರೇಡಿಯೇಟರ್, ಥರ್ಮೋಸ್ಟಾಟ್, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್. ಹೆಡ್ ಕೆಲಸಕ್ಕೆ ಹೇಳಿದ ದುಡ್ಡಿನ ಅರ್ಧವೂ ಆಗಲಿಲ್ಲ. ಆರ್‌ಸಿ 2026ರವರೆಗಿದೆ, ಅದರಾಚೆ ಏನು ಅಂತ ಅಪ್ಪ ಕೇಳಿಲ್ಲ, ನಾನೂ ಎತ್ತಿಲ್ಲ. ಹೋದ ಭಾನುವಾರ ಅತ್ತೆ ಮನೆಗೆ ಅವರೇ ಓಡಿಸಿಕೊಂಡು ಹೋದರು, ಮುಳ್ಳು ಅರ್ಧ ದಾಟಲಿಲ್ಲ.