ಹೆಬ್ಬಾಳದ ಕಲ್ಲಿನಲ್ಲಿ ಒಂದು ಜೀವನಚರಿತ್ರೆ

ಬೆಂಗಳೂರಿನ ಉತ್ತರ ಭಾಗದ ಹೆಸರಾಂತ ವ್ಯಕ್ತಿ ಯಾರೆಂದು ಕೇಳಿದರೆ ಯಲಹಂಕ ನಾಡಪ್ರಭು ಕೆಂಪೇಗೌಡನ ಹೆಸರು ತಟ್ಟನೆ ಬಾಯಿಗೆ ಬರುತ್ತದೆ. 1537ರಲ್ಲಿ ಕೋಟೆ, ಪೇಟೆಗಳನ್ನು ಕಟ್ಟಿಸಿದ ಆತನ ಹೆಸರನ್ನು ವಿಮಾನ ನಿಲ್ದಾಣಕ್ಕೆ ಇಡಲಾಗಿದೆ. 2022ರಲ್ಲಿ ಅಲ್ಲಿ 108 ಅಡಿ ಎತ್ತರದ ಪ್ರತಿಮೆಯೂ ನಿಂತಿತು. ಆತನಿಗಿಂತ ಸುಮಾರು ಎಂಟು ಶತಮಾನ ಮೊದಲು ಇದೇ ಸೀಮೆಯಲ್ಲಿ ಬಾಳಿದ ಕಿತ್ತಯ್ಯನೆಂಬ ವೀರನನ್ನು ಮಾತ್ರ ಊರು ಪೂರ್ತಿ ಮರೆತಿತ್ತು.

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಲಿಪಿಯನ್ನು ಪರಿಶೀಲಿಸಿದ ತಜ್ಞರು ಇದರ ಕಾಲವನ್ನು ಸುಮಾರು ಕ್ರಿ.ಶ. 750 ಎಂದು ಗುರುತಿಸಿದರು. ಬೆಂಗಳೂರು ನಗರದ ಅತಿ ಪ್ರಾಚೀನ ಕನ್ನಡ ಶಾಸನವೆಂಬ ಮನ್ನಣೆ ಇದಕ್ಕೆ ದೊರೆತಿದೆ.

ಶಾಸನ ಹೇಳುವುದು ಇಷ್ಟೇ: ಗಂಗರ ದೊರೆ ಶ್ರೀಪುರುಷ ರಾಜ್ಯವಾಳುತ್ತಿದ್ದಾಗ, ‘ಪೆರ್ಬೊಳಲ್ ನಾಡು ಮೂವತ್ತು’ ಎಂಬ ಸೀಮೆಯ ಮೇಲೆ ರಟ್ಟವಾಡಿಯ ದಂಡು ಏರಿ ಬಂದಿತು, ಅದನ್ನು ಎದುರಿಸಿ ಕಾದಿದ ಕಿತ್ತಯ್ಯ ಇಂದ್ರಲೋಕ ಸೇರಿದ. ರಟ್ಟವಾಡಿ ಎಂದರೆ ರಾಷ್ಟ್ರಕೂಟರ ನಾಡು ಎಂಬುದು ವಿದ್ವಾಂಸರ ಅಭಿಪ್ರಾಯ. ಕಿತ್ತಯ್ಯ ಹುಟ್ಟಿದ ವರ್ಷವಾಗಲಿ, ಸಾಯುವಾಗಿನ ವಯಸ್ಸಾಗಲಿ ಇಲ್ಲಿಲ್ಲ. ಆದರೂ ಕಾಲ, ಊರು, ಹೆಸರು, ಮಾಡಿದ ಕೆಲಸ, ಸಾವು ಎಲ್ಲವೂ ಕೆಲವೇ ಸಾಲುಗಳಲ್ಲಿ ಅಡಕವಾಗಿವೆ. ಒಬ್ಬ ಮನುಷ್ಯನ ಕಿರು ಜೀವನಚರಿತ್ರೆಗೆ ಇದಕ್ಕಿಂತ ಹೆಚ್ಚೇನು ಬೇಕು?

ಊರಿನ ಹೆಸರಿಗೂ ಈ ಕಲ್ಲೇ ಸಾಕ್ಷಿ. ಪೆರ್ಬೊಳಲ್ ಎಂದರೆ ದೊಡ್ಡ ಪಟ್ಟಣ. ‘ಪಾಲು’ ‘ಹಾಲು’ ಆದಂತೆ, ‘ಪೂ’ ‘ಹೂ’ ಆದಂತೆ, ಹಳಗನ್ನಡದ ಪಕಾರ ಹಕಾರವಾಗಿ ಈ ಹೆಸರು ಮುಂದೆ ಹೆಬ್ಬಾಳವೆಂದು ನಿಂತಿತು.

ರಾಜರ ಕಥೆ ಹೇಳಲು ಆಸ್ಥಾನ ಕವಿಗಳಿದ್ದರು, ತಾಮ್ರಪಟಗಳಿದ್ದವು. ಊರಿಗಾಗಿ, ತುರುಗಳಿಗಾಗಿ ಮಡಿದ ಸಾಮಾನ್ಯರ ಕಥೆ ಉಳಿದದ್ದು ವೀರಗಲ್ಲುಗಳಲ್ಲಿ. ‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣಿಸುವುದೂ ನಗರದ ದಕ್ಷಿಣಕ್ಕಿರುವ ಬೇಗೂರಿನ ಇಂಥದೇ ಕಲ್ಲಿನಲ್ಲಿ. ಸುಮಾರು ಕ್ರಿ.ಶ. 890ರ ಆ ಶಾಸನವನ್ನು ನಿಲ್ಲಿಸಿದ್ದು ಬೆಂಗಳೂರು ಕಾಳಗದಲ್ಲಿ ಮಡಿದ ಬುಟ್ಟಣಸೆಟ್ಟಿಯ ನೆನಪಿಗೆ. ನಮ್ಮ ರಾಜಧಾನಿಯ ಹೆಸರು ಇತಿಹಾಸದ ಪುಟ ಸೇರಿದ್ದೇ ದೊರೆಯಲ್ಲದವನೊಬ್ಬನ ಸಾವಿನಿಂದ ಎಂಬುದನ್ನು ಗಮನಿಸಬೇಕು.

ಬಿ.ಎಲ್. ರೈಸ್ ಅವರು 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಆಗ ಹಳ್ಳಿಗಳಾಗಿದ್ದ ಎಷ್ಟೋ ಊರುಗಳು ಈಗ ಬಡಾವಣೆಗಳಾಗಿವೆ. ರಸ್ತೆ, ಕಟ್ಟಡಗಳ ಕೆಲಸದಲ್ಲಿ ಹಲವು ಕಲ್ಲುಗಳು ಕಾಣೆಯಾಗಿವೆ. ಹೀಗಾಗಿಯೇ ನಗರದ ಆಸಕ್ತರ ತಂಡವೊಂದು ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಗಳ ಮೂರು ಆಯಾಮದ ಡಿಜಿಟಲ್ ಪ್ರತಿಗಳನ್ನು ಸಿದ್ಧಪಡಿಸಿದೆ. ಕಲ್ಲು ಒಡೆದರೂ ಅಕ್ಷರ ಉಳಿಯಲಿ ಎಂಬುದು ಅದರ ಉದ್ದೇಶ.

ಕಿತ್ತಯ್ಯನ ಅದೃಷ್ಟ ಚೆನ್ನಾಗಿತ್ತು. ಅಗೆದವರ ನಡುವೆ ಅದು ಬರಿಯ ಬಂಡೆಯಲ್ಲ ಎಂದು ಗುರುತಿಸುವವರು ಸಿಕ್ಕರು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ, ಮೋರಿಯ ಮೇಲಿನ ಚಪ್ಪಡಿಯಾಗಿ ಬಿದ್ದಿರುವ ಎಷ್ಟು ಕಲ್ಲುಗಳಲ್ಲಿ ಇನ್ನೂ ಎಷ್ಟು ಜನರ ಹೆಸರು ಅಡಗಿದೆಯೋ! ನಮ್ಮ ಬೀದಿಯಲ್ಲೇ ಅಕ್ಷರವಿರುವ ಕಲ್ಲು ಕಂಡರೆ ಒಂದು ಕ್ಷಣ ಬಗ್ಗಿ ನೋಡುವುದು ಒಳ್ಳೆಯದು.