ಸೂರ್ಯಕಾಂತಿಯೂ ಜೇನುಹುಳವೂ

ಲೋಕಾಪುರ, ಮುಧೋಳ, ಬೀಳಗಿಗಳ ಎರೆಹೊಲಗಳಲ್ಲಿ ಜೋಳದೊಡನೆ ಕುಸುಬೆಯನ್ನು ಅಕ್ಕಡಿಯಾಗಿ ಬಿತ್ತುವ ರೂಢಿಯು ಬಹುಕಾಲದ್ದು. ಜೋಳಕ್ಕೆ ಹುಳದ ಹಂಗಿಲ್ಲ. ಕುಸುಬೆಯೂ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳುಗಟ್ಟುವದು. ಜೇನುಹುಳಗಳು ಅದಕ್ಕೆ ಬಂದರೆ ಲಾಭವುಂಟು; ಬಾರದಿದ್ದರೂ ಪೈರು ಪೂರ್ತಿ ಕೆಡದು. ಆದುದರಿಂದ ಒಕ್ಕಲಿಗನು ಮಳೆ, ಬೀಜ, ಎತ್ತುಗಳ ಲೆಕ್ಕವನ್ನು ಇಡುತ್ತಿದ್ದನೇ ಹೊರತು ಹುಳದ ಲೆಕ್ಕವನ್ನು ಇಡಬೇಕಾಗಿರಲಿಲ್ಲ.

ಸೂರ್ಯಕಾಂತಿಯು ಬಂದ ಮೇಲೆ ಈ ಸ್ಥಿತಿಯು ಬದಲಾಯಿತು. ಉತ್ತರ ಅಮೇರಿಕೆಯಲ್ಲಿ ಹುಟ್ಟಿ, 16ನೆಯ ಶತಕದಲ್ಲಿ ಸ್ಪೇನದವರಿಂದ ಯುರೋಪನ್ನು ಸೇರಿ, 19ನೆಯ ಶತಕದಲ್ಲಿ ರಶಿಯಾದಲ್ಲಿ ಎಣ್ಣೆಯ ಬೆಳೆಯಾಗಿ ಬಲಿತ ಈ ಸಸ್ಯದ ತಳಿಗಳನ್ನು 1969ರಲ್ಲಿ ಅಲ್ಲಿಂದ ಭಾರತಕ್ಕೆ ತರಲಾಯಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ದೇಶದ ಮೊದಲನೆಯ ಸೂರ್ಯಕಾಂತಿ ಸಂಕರ ತಳಿಯು ಹೊರಬಿದ್ದಿತು. ಉತ್ತರ ಕರ್ನಾಟಕದ ಎರೆನೆಲವು ಈ ಬೆಳೆಗೆ ಒಗ್ಗಿತು. ಆದರೆ ಬೀಜದೊಡನೆ ಅದರ ಸ್ವಭಾವವೂ ಬಂದಿತು.

ಸೂರ್ಯಕಾಂತಿಯ ಒಂದು ಹೂವೆಂದರೆ ನೂರಾರು ಕಿರುಹೂಗಳ ಸಮೂಹ. ಅಂಚಿನ ಹಳದಿ ಎಸಳುಗಳು ಕಾಳುಗಟ್ಟವು. ಹುಳವನ್ನು ಕರೆಯುವದೇ ಅವುಗಳ ಕೆಲಸ. ನಡುವಿನ ಕಿರುಹೂಗಳು ಹೊರಗಿನಿಂದ ಒಳಮುಖವಾಗಿ 5ರಿಂದ 10 ದಿನಗಳವರೆಗೆ ಅರಳುವವು. ಪ್ರತಿಯೊಂದರಲ್ಲಿಯೂ ಮೊದಲು ಪರಾಗವು ಹೊರಬೀಳುವದು. ಶಲಾಕಾಗ್ರವು ಬಳಿಕ ತೆರೆಯುವದು. ಪರಾಗವು ಜಿಗುಟಾದುದರಿಂದ ಗಾಳಿಗೆ ದೂರ ಸಾಗದು. ಅನೇಕ ತಳಿಗಳು ಸ್ವಂತ ಪರಾಗವನ್ನು ಒಪ್ಪುವದೂ ಇಲ್ಲ. ಹೂವಿನಲ್ಲಿ ಇವೆರಡೂ ಬೇರೆಬೇರೆ ಹೊತ್ತಿಗೆ ಪಕ್ವವಾಗುವದನ್ನೂ ಕೀಟವೇ ನಡುವಿನ ದೂತನೆಂಬುದನ್ನೂ ಜರ್ಮನಿಯ ಸ್ಪಾಂಡೌ ಎಂಬ ಊರಿನ ಶಾಲಾ ಮುಖ್ಯಸ್ಥನಾದ ಕ್ರಿಶ್ಚಿಯನ್ ಕೊನ್ರಾಡ್ ಸ್ಪ್ರೆಂಗೆಲನು 1793ರಷ್ಟು ಹಿಂದೆಯೇ ಗ್ರಂಥದಲ್ಲಿ ವಿವರಿಸಿದ್ದನು.

ನಮ್ಮ ಸೀಮೆಯಲ್ಲಿ ಆ ದೂತಕಾರ್ಯವನ್ನು ಹೆಜ್ಜೇನು, ತುಡುವೆ, ಕೋಲುಜೇನುಗಳು ಮಾಡುವವು. ಅವು ವಿರಳವಾದಲ್ಲಿ ಹೂವು ಎಷ್ಟೇ ದೊಡ್ಡದಾಗಿದ್ದರೂ ಕಾಳು ಜೊಳ್ಳಾಗುವದು. ಇದಕ್ಕಾಗಿ ಕೃಷಿಶಾಸ್ತ್ರಜ್ಞರು, ಮುಂಜಾನೆ 8ರಿಂದ 11 ಗಂಟೆಯೊಳಗೆ ಅರಳಿದ ಹೂಗಳನ್ನು ಮೆತ್ತನೆಯ ಬಟ್ಟೆಯಿಂದ ದಿನ ಬಿಟ್ಟು ದಿನ ಸವರಬೇಕೆಂದೂ, ಹೆಕ್ಟೇರಿಗೆ ಸುಮಾರು 5 ಜೇನುಪೆಟ್ಟಿಗೆಗಳನ್ನು ಇಡಬೇಕೆಂದೂ ಹೇಳಿದರು. ಹುಳವು ಕೂಲಿಯಿಲ್ಲದೆ ಮಾಡುವ ಕೆಲಸಕ್ಕೆ ಆಳನ್ನು ಹಚ್ಚುವ ಪ್ರಸಂಗವು ಹೀಗೆ ಒದಗಿತು. ಅದೇ ಮುಂಜಾನೆಯ ಹೊತ್ತಿನಲ್ಲಿ ಅರಳಿದ ಹೊಲಕ್ಕೆ ಕೀಟನಾಶಕವನ್ನು ಸಿಂಪಡಿಸಿದರೆ, ಕಾಯಿಕೊರಕದೊಡನೆ ಕಾಳುಗಟ್ಟಿಸುವ ಜೇನೂ ಸಾಯುವದು.

ಇತ್ತೀಚಿನ ದಶಕಗಳಲ್ಲಿ ಕರ್ನಾಟಕದಲ್ಲಿ ಸೂರ್ಯಕಾಂತಿಯ ಕ್ಷೇತ್ರವು ಬಹಳ ಕುಗ್ಗಿದೆ. ಅದಕ್ಕೆ ರೋಗ, ಬೆಲೆ ಮೊದಲಾದ ಕಾರಣಗಳೂ ಉಂಟು. ಆದರೂ ಅದು ಕಲಿಸಿದ ಪಾಠವು ಹಳತಾಗಿಲ್ಲ. ದೂರದ ಬೀಜವನ್ನು ಮನೆಗೆ ಬರಮಾಡಿಕೊಳ್ಳುವವರು ಅದರ ನಂಟರನ್ನೂ ವಿಚಾರಿಸಿಕೊಳ್ಳಬೇಕು. ಬದುವಿನ ಬೇವು, ಜಾಲಿ, ಹುಣಿಸೆಗಳು ಉಳಿದರೆ ಆ ನಂಟರಿಗೂ ಊರಲ್ಲಿ ನೆಲೆಯುಂಟು.